ಒಡಪಿನಲ್ಲಿ ಹೋದ ಕೀಲಿಕೈ

ಹೊಟ್ಟೆಕಿಚ್ಚು ಪಡುವವರು ಇದನ್ನು ತಪ್ಪದೆ ಓದಿ... ಪಡದವರು ಯಾರಿದ್ದಾರೆ, ಎಲ್ಲರೂ ಓದಿ.

ಬೆಟಗೇರಿಯಲ್ಲಿ ಒಂದು ಫೋಟೊ ಸ್ಟುಡಿಯೋ. ಮಾಲೀಕ ಗುರುಸಿದ್ಧಪ್ಪ, ಹೆಂಡತಿ ನೀಲಾಂಬಿಕಾ.

ಅಂಗಡಿಯ ಕಂಪ್ಯೂಟರ್, ಮೇಲ್, ಗಿರಾಕಿಗಳ ಮದುವೆ ಫೋಟೊ ಇಡುವ ಆನ್‌ಲೈನ್ ಅಕೌಂಟ್... ಎಲ್ಲಕ್ಕೂ ಪಾಸ್‌ವರ್ಡ್ ಒಂದೇ. ಹೆಂಡತಿಯ ಹೆಸರು.

ಮಧ್ಯಾಹ್ನ ಬುತ್ತಿ ತಂದಾಗಲೆಲ್ಲ ನೀಲಾಂಬಿಕಾ ತನ್ನ ಹೆಸರು ತಾನೇ ಟೈಪ್ ಮಾಡಿ, ಯಾರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಅಂತ ನೋಡುತ್ತಿದ್ದಳು. ಸೀರೆಗಿಂತ ಆ ಪಾಸ್‌ವರ್ಡ್ ಮೇಲೆಯೇ ಅವಳಿಗೆ ಹೆಚ್ಚು ಹೆಮ್ಮೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ, ಸೀಮಂತದ ಕುಬಸದಲ್ಲಿ ಹೆಂಗಸರು ಸುತ್ತುವರಿದು ಒತ್ತಾಯ ಮಾಡಿದಾಗ, ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ಅದೇ ಒಡಪು.

ನೀಲಾಂಬಿಕಾಳ ಒಡಪು ಅಂದರೆ ಊರಿಗೇ ಪ್ರೀತಿ. ಮೈದುನನ ಮದುವೆಯಲ್ಲಿ ಹೊಸದೊಂದು ಹೇಳಿ ಎಲ್ಲರನ್ನೂ ನಗಿಸಿದ್ದಳು...

"ಬಾಗಿಲಿಗೆ ಕೀಲಿ ಬ್ಯಾರೆ, ಕಪಾಟಿಗೆ ಕೀಲಿ ಬ್ಯಾರೆ,
ನನ್ನ ಹೆಸರ ಹೊಡದ್ರ ತಗೀತೈತಿ ಗುರುಸಿದ್ಧಪ್ಪನೋರ ಕಂಪ್ಯೂಟರ, ಕೇಳ್ರೆ."

ಅದಾದ ಮೇಲೆ ಒಂದು ಮಧ್ಯಾಹ್ನ... ಅವಳ ಹೆಸರಿಗೆ ಕಂಪ್ಯೂಟರ್ ತೆರೆಯಲಿಲ್ಲ.

ಮತ್ತೆ ಹೊಡೆದಳು. ತೆರೆಯಲಿಲ್ಲ.

"ರೀ, ಇದಕ್ಕೇನಾತು?"

"ಪಾಸ್‌ವರ್ಡ್ ಬದಲಿ ಮಾಡೀನಿ."

"ಏನಂತ ಮಾಡೀರಿ?"

ಗುರುಸಿದ್ಧಪ್ಪ ತಲೆ ಎತ್ತಲಿಲ್ಲ. "ಹೇಳಂಗಿಲ್ಲ ನೀಲಾ. ಯಾರಿಗೂ ಹೇಳಬಾರದು."

"ನಾ ಯಾರೋ ಆದೆನೇನ್ರಿ?"

ಪಕ್ಕದಲ್ಲಿ ಆಲ್ಬಮ್ ಡಿಸೈನ್ ಮಾಡುವ ತೇಜಸ್ವಿನಿ ತಲೆ ತಗ್ಗಿಸಿ ಕೂತಿದ್ದಳು. ಓದಿದ ಹುಡುಗಿ, ಮದುವೆ ನಿಶ್ಚಯವಾದವಳು, ನೋಡಲು ಲಕ್ಷಣವಾಗಿದ್ದಳು. ನೀಲಾಂಬಿಕಾಳಿಗೆ ಆ ಹೊತ್ತಿನಲ್ಲಿ ಕಂಡದ್ದು ಕೊನೆಯದೊಂದೇ.

ಆಮೇಲೆ ಕೇಳಬೇಕೆ... ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಇಬ್ಬರೂ ಪಿಸುಮಾತಾಡುತ್ತಿದ್ದರು. ಇವಳು ಬಂದರೆ ಸುಮ್ಮನಾಗುತ್ತಿದ್ದರು. ಒಮ್ಮೆ ತೇಜಸ್ವಿನಿ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಗುರುಸಿದ್ಧಪ್ಪ ಅವಳಿಗೆ ನೀರಿನ ಬಾಟಲಿ ಕೊಡುತ್ತಿದ್ದ. ನೀಲಾಂಬಿಕಾ ಬುತ್ತಿಯನ್ನು ಬಾಗಿಲಲ್ಲೇ ಇಟ್ಟು ಹೊರಟುಹೋದಳು.

ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ... ನನ್ನ ಹೆಸರು ತೆಗೆದು ಯಾರ ಹೆಸರು ಹಾಕಿದ್ದಾರೆ?

ಒಂದು ದಿನ ಇಬ್ಬರೂ ಫೋಟೊ ತೆಗೆಯಲು ಹೊರಗೆ ಹೋಗಿದ್ದರು. ನೀಲಾಂಬಿಕಾ ಅಂಗಡಿ ತೆರೆದು ಕೂತಳು. ತನ್ನ ಮೊಬೈಲಿನಲ್ಲೇ, ಗಿರಾಕಿಗಳ ಫೋಟೊ ಇರುವ ಅಕೌಂಟಿಗೆ ತೇಜಸ್ವಿನಿ ಅಂತ ಹೊಡೆದಳು.

ತಪ್ಪು ಅಂತ ಬಂತು. ಸಮಾಧಾನವಾಗಬೇಕಿತ್ತು... ಆಗಲಿಲ್ಲ. ಹಿಂದೆ ಮುಂದೆ ಅಂಕಿ ಸೇರಿಸಿ ಹೊಡೆಯುತ್ತಲೇ ಹೋದಳು. ಕೊನೆಗೆ ಅಕೌಂಟೇ ಲಾಕ್ ಆಯಿತು.

ಸ್ವಲ್ಪ ಹೊತ್ತಿಗೆ ಗುರುಸಿದ್ಧಪ್ಪ ಓಡುತ್ತಾ ಬಂದ. ಯಾರೋ ಅಕೌಂಟ್ ತೆರೆಯಲು ನೋಡುತ್ತಿದ್ದಾರೆ ಅಂತ ಅವನ ಮೊಬೈಲಿಗೆ ಮೆಸೇಜ್ ಹೋಗಿತ್ತು. ಹಿಂದೆಯೇ ತೇಜಸ್ವಿನಿ, ಮುಖದಲ್ಲಿ ರಕ್ತವಿರಲಿಲ್ಲ.

"ನೀನೇನ? ಮತ್ತ ಅವನ ಬಂದ ಅಂತ ನನ್ನ ಜೀವಾನ ಹೋಗಿತ್ತು" ಅಂದ ಗುರುಸಿದ್ಧಪ್ಪ.

"ಯಾವ ಅವ? ಮೊದಲ ಇದನ್ನ ಹೇಳ್ರಿ... ನನ್ನ ಹೆಸರ ತಗದು ಇಕಿ ಹೆಸರ ಹಾಕೀರಿ ಹೌದಲ್ಲೊ?"

ಗುರುಸಿದ್ಧಪ್ಪ ಕುರ್ಚಿಯಲ್ಲಿ ಕುಸಿದು ಕೂತ.

"ನಿನ್ನ ಒಡಪ ಯಾರೋ ರೀಲ್ ಮಾಡಿ ಹಾಕಿದ್ರು ನೀಲಾ. ಎಲ್ಲಾರೂ ನಕ್ಕರು. ಒಬ್ಬಾವ ಮಾತ್ರ ನಿನ್ನ ಹೆಸರ ಹೊಡದು ನಮ್ಮ ಫೋಟೊ ಅಕೌಂಟಿನ ಒಳಗ ಬಂದ. ಇಕಿ ನಿಶ್ಚಯದ ಫೋಟೊ ತಗೊಂಡು, ಇಕಿ ಹೆಸರಲೆ ಸುಳ್ಳ ಅಕೌಂಟ್ ತೆರದು ಹೊಲಸ ಹೊಲಸ ಬರದ. ಬೀಗರು ಲಗ್ನಾನ ಬ್ಯಾಡ ಅಂದಿದ್ರು. ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟು, ಬೀಗರ ಕಾಲ ಹಿಡದು ಒಪ್ಪಿಸೇನಿ."

ನೀಲಾಂಬಿಕಾ ಮೊಬೈಲನ್ನು ಮೇಜಿನ ಮೇಲೆ ಇಟ್ಟಳು. "ನನಗ್ಯಾಕ ಹೇಳಲಿಲ್ರಿ?"

"ಇಕಿನ ಬ್ಯಾಡ ಅಂದ್ಲು."

ತೇಜಸ್ವಿನಿ ಮೆಲ್ಲಗೆ ಹೇಳಿದಳು... "ಗೊತ್ತಾದ್ರ ನೀವು ಮತ್ತ ಒಡಪ ಹೇಳಂಗಿಲ್ಲ ಅನಿಸ್ತು ಅಕ್ಕಾರ. ನನ್ನ ಲಗ್ನದಾಗ ಮೊದಲ ಒಡಪ ನಿಮ್ಮದ ಆಗಬೇಕಂತ ಭಾಳ ಆಸೆ ಐತ್ರಿ."

ಯಾವ ಹುಡುಗಿಯನ್ನು ಮನಸ್ಸಿನಲ್ಲಿ ದಿನವೂ ಶಪಿಸಿದ್ದಳೋ, ಅವಳ ಬಾಳು ತನ್ನ ಬಾಯಿಂದಲೇ ಹಾಳಾಗುವುದರಲ್ಲಿತ್ತು. ಅವಳೋ ಇವಳ ನಗು ಕಾಪಾಡಲು ಒಬ್ಬಳೇ ಅತ್ತಿದ್ದಳು...

ನೀಲಾಂಬಿಕಾ ಅವಳನ್ನು ತಬ್ಬಿಕೊಂಡು ಅತ್ತಳು. ಅಂಗಡಿಗೆ ಪಾಸ್‌ಪೋರ್ಟ್ ಫೋಟೊಗೆ ಬಂದ ಗಿರಾಕಿ ಏನೂ ತಿಳಿಯದೆ ಹಾಗೇ ಹೊರಗೆ ನಿಂತ.

ಆಮೇಲೆ ತೇಜಸ್ವಿನಿಯ ಮದುವೆ ಬಂತು. ಹೆಂಗಸರೆಲ್ಲ ನೀಲಾಂಬಿಕಾಳನ್ನು ಸುತ್ತುವರಿದರು. ಅವಳು ಬಾಯಿ ತೆರೆಯಲಿಲ್ಲ. ಮದುಮಗಳೇ ಅವಳ ಕೈ ಹಿಡಿದು, "ಹೇಳ್ರಿ ಅಕ್ಕಾರ" ಅಂದಳು.

"ಮನಿಗೆ ಬಾಗಿಲ ಚಂದ, ಬಾಗಿಲಿಗೆ ಚಿಲಕ ಚಂದ,
ಹೆಂಡತಿ ಕೇಳಿದ್ರೂ ಕೀಲಿಕೈ ಹೇಳದ ಗುರುಸಿದ್ಧಪ್ಪನೋರು ಭಾಳ ಚಂದ."

ಮಂಟಪವೆಲ್ಲ ನಕ್ಕಿತು. ಯಾರೋ ಕೆಣಕಿದರು... "ಹಂಗಾರ ಈಗ ಪಾಸ್‌ವರ್ಡ್ ಯಾರ ಹೆಸರವ್ವಾ?"

"ನನಗೂ ಗೊತ್ತಿಲ್ಲ" ಅಂದಳು ನೀಲಾಂಬಿಕಾ... ಹಿಂದೆ ತನ್ನ ಹೆಸರು ಹೇಳುವಾಗ ಇದ್ದ ಅದೇ ಹೆಮ್ಮೆಯಿಂದ.

*ಪ್ರೀತಿಯನ್ನು ಊರಿಗೆಲ್ಲ ಸಾರಬಹುದು, ಕೀಲಿಕೈಯನ್ನಲ್ಲ.*

ನಿಮ್ಮ ಪಾಸ್‌ವರ್ಡ್‌ನಲ್ಲಿ ಯಾರ ಹೆಸರಿದೆ... ಆ ಹೆಸರು ಊರಿನಲ್ಲಿ ಇನ್ನೂ ಎಷ್ಟು ಜನರಿಗೆ ಗೊತ್ತು?