ಕಾಲ್ಗುಣ

"ನನ್ನ ಕಾಲ್ಗುಣವೇ ಸರಿಯಿಲ್ಲ ಕಣೇ. ನಾನು ಆಸ್ಪತ್ರೆಗೆ ಕಾಲಿಟ್ಟಾಗಲೆಲ್ಲ ನಿಮ್ಮ ತಾತಂಗೆ ಉಬ್ಬಸ ಜಾಸ್ತಿ ಆಗ್ತಿತ್ತು," ಎಂದರು ರಮಾಬಾಯಿ, ಗಂಡನ ಪಂಚೆ ಮಡಿಸುತ್ತ. ವೈಕುಂಠ ಸಮಾರಾಧನೆ ಮುಗಿದು, ಮೈಲಾಪೂರಿನ ಆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ ಉಳಿದಿದ್ದರು.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ಅಕ್ಷಯಾ ತಡೆಯಲಾರದೆ ಅಜ್ಜಿಯ ಕೈ ಹಿಡಿದುಕೊಂಡಳು. "ಐಯೋ ಅಜ್ಜಿ, ಅದು ಉಲ್ಟಾ! ನೀನು ಹೋದದ್ದಕ್ಕೆ ತಾತಂಗೆ ಜಾಸ್ತಿ ಆಗ್ಲಿಲ್ಲ. ಜಾಸ್ತಿ ಆದಾಗೆಲ್ಲ ಡಾಕ್ಟರ್ ನಿನ್ನ ಕರೆಸ್ತಿದ್ರು, ಅಷ್ಟೇ. ಎರಡು ಒಟ್ಟಿಗೆ ನಡೆದ್ರೆ ಒಂದರಿಂದ ಇನ್ನೊಂದು ಆಯ್ತು ಅಂತ ಅಲ್ಲ. ನಮ್ಮ ಕ್ಲಾಸಲ್ಲಿ ಮೊದಲು ಹೇಳಿಕೊಡೋದೇ ಇದು. ನಿನ್ನ ತಪ್ಪು ಏನೂ ಇಲ್ಲ."

ರಮಾಬಾಯಿಯ ಮುಖ ಒಂದು ಗಳಿಗೆ ಹಗುರಾಯಿತು. ಆಮೇಲೆ ಪಂಚೆ ತೊಡೆಯಿಂದ ನೆಲಕ್ಕೆ ಜಾರಿತು. ಕೊನೆಯ ದಿನವೂ ಆಸ್ಪತ್ರೆಯಿಂದ ಫೋನ್ ಬಂದಿತ್ತು. ತಾನು ದೂರವಿದ್ದರಾದರೂ ಗಂಡ ಉಳಿದಾರು ಎಂದುಕೊಂಡು, ಮೆಟ್ಟಿದ್ದ ಚಪ್ಪಲಿ ಬಿಟ್ಟು ರಮಾಬಾಯಿ ದೇವರ ಮುಂದೆ ಕೂತುಬಿಟ್ಟಿದ್ದರು.

"ಹಾಗಾದ್ರೆ ಅವತ್ತು ನಾನು ಹೋಗಿದ್ರೆ ಏನೂ ಆಗ್ತಿರ್ಲಿಲ್ಲವೇನೇ?" ಎಂದು ಕೇಳಿದರು.

ಅಕ್ಷಯಾ ಬಗ್ಗಿ ನೆಲದ ಮೇಲಿದ್ದ ಪಂಚೆಯನ್ನು ಎತ್ತಿಕೊಂಡಳು.

"ರಮಾ ಇನ್ನೂ ಬರಲಿಲ್ಲವೇ ಅಂತ ಕೇಳ್ತಾನೇ ಇದ್ರಂತೆ, ಕಣೇ."