ಅಕ್ಕನ ಉಪಾಯ

ಪಾದ್ರಿ ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂದೆ ತಿರುಗಿ ನೋಡಿದರು. ಪರಿಚಯದವರು ಯಾರೂ ಇಲ್ಲ. ನಿಲುವಂಗಿಯನ್ನು ಮನೆಯಲ್ಲೇ ಬಿಟ್ಟು, ಯಾವುದೋ ಕಾಲದ ಚೌಕಳಿ ಅಂಗಿ ತೊಟ್ಟು ಬಂದಿದ್ದರು. ಹೊಟ್ಟೆಯ ಹತ್ತಿರ ಗುಂಡಿ ಬಿಗಿಯುತ್ತಿತ್ತು. ಮುಂದೆ ಅಕ್ಕ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಮಹಡಿಯ ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಎಂಬ ಫಲಕ.

ನಟನೆ ಎಂದರೆ ಹೀಗಿರಬೇಕು ಎಂದುಕೊಂಡರು ಪಾದ್ರಿ.

ಮೂರು ದಿನದ ಹಿಂದೆ ಊಟ ಬಡಿಸುತ್ತ ಅಕ್ಕ ಹೇಳಿದ್ದಳು: “ಪುಟ್ಟಾ, ನನಗೆ ರಾತ್ರಿ ನಿದ್ದೆ ಹತ್ತಲ್ಲ ಕಣೋ. ಯಾವುದರ ಮೇಲೂ ಮನಸ್ಸಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತೆ. ಇಂಥದ್ದನ್ನೆಲ್ಲ ನೋಡೋ ಮೇಡಂ ಒಬ್ಬರು ಇದಾರಂತೆ. ಒಬ್ಬಳೇ ಹೋಗೋಕೆ ಧೈರ್ಯ ಸಾಲದು. ಜೊತೆಗೆ ಬರ್ತೀಯಾ?”

ಪಾದ್ರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಿದ್ದೆ ಇಲ್ಲದಿರುವುದು, ಮನಸ್ಸು ಇಲ್ಲದಿರುವುದು, ಕಾರಣವಿಲ್ಲದ ಅಳು, ಎಲ್ಲವೂ ಅವರದೇ! ಐದು ತಿಂಗಳಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೋದ ಭಾನುವಾರ ಪ್ರವಚನದ ನಡುವೆ ಮಾತು ಕೈಕೊಟ್ಟು, ಪೂರ್ತಿ ಎರಡು ನಿಮಿಷ ಕಂಬದಂತೆ ನಿಂತಿದ್ದರು. ಜನ ಅದನ್ನು ಮೌನಪ್ರಾರ್ಥನೆ ಎಂದು ತಿಳಿದು ಹೊಗಳಿಬಿಟ್ಟರು. ಇನ್ನೊಂದು ಸಲ ಹಾಗಾದರೆ ಯಾರೂ ಹೊಗಳುವುದಿಲ್ಲ. ಮೇಲಿನವರು ಸದ್ದಿಲ್ಲದೆ ವಿಶ್ರಾಂತಿಧಾಮಕ್ಕೆ ಕಳಿಸುತ್ತಾರೆ. ಪ್ರವಚನದ ಪೀಠ ಬಿಟ್ಟರೆ ಪಾದ್ರಿಗೆ ಬೇರೆ ಬದುಕೇ ಇರಲಿಲ್ಲ.

ಅಕ್ಕನಿಗೆ ಹೇಗೆ ಗೊತ್ತಾಯಿತು? ಅವಳದು ಪಕ್ಕದ ಕೋಣೆ, ನಡುವೆ ತೆಳು ಗೋಡೆ. ರಾತ್ರಿಯಿಡೀ ತಾವು ಹೊರಳಾಡುವುದು ಕೇಳಿಸಿರಬೇಕು. ನೇರವಾಗಿ ಹೇಳಿದರೆ ತಮ್ಮ ಸಿಟ್ಟಾಗುತ್ತಾನೆ ಎಂದು, ಪಾಪ, ಅವನ ಕಷ್ಟವನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಾಳೆ. ಇಪ್ಪತ್ತು ವರ್ಷ ಜನರ ಗುಟ್ಟು ಕೇಳಿದವರು ಪಾದ್ರಿ. “ನನ್ನ ಸ್ನೇಹಿತನಿಗೆ ಹೀಗಾಗಿದೆ ಫಾದರ್” ಎಂದು ಬಂದವರ ಆ ಸ್ನೇಹಿತ ಯಾರೆಂದು ಕೂತಲ್ಲೇ ಹೇಳಬಲ್ಲರು. ಅಂಥವರ ಮುಂದೆ ಅಕ್ಕನ ಆಟ ನಡೆಯುತ್ತದೆಯೇ?

“ಆಗಲಿ ಅಕ್ಕಾ. ನಿನಗೋಸ್ಕರ ಬರ್ತೀನಿ” ಎಂದರು, ‘ನಿನಗೋಸ್ಕರ’ ಎಂಬುದನ್ನು ಸ್ವಲ್ಪ ಒತ್ತಿ.

ಸಮಾಲೋಚಕಿ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದಳು. “ಮೊದಲು ಯಾರು?”

“ಅವನೇ ಹೋಗಲಿ. ನಾನು ಸ್ವಲ್ಪ ಸುಧಾರಿಸ್ಕೋತೀನಿ” ಎಂದು ಅಕ್ಕ ಬೆಂಚಿನ ತುದಿಯಲ್ಲಿ ಕೂತಳು.

ಒಳಗೆ ಬಾಗಿಲು ಹಾಕಿಕೊಂಡ ಮೇಲೆ ಸಮಾಲೋಚಕಿ ನಕ್ಕಳು. “ನಿಮ್ಮ ಅಕ್ಕ ಫೋನಿನಲ್ಲಿ ‘ನನಗೇ ಕಷ್ಟ’ ಅಂದ್ರು. ಅಷ್ಟು ಸಲೀಸಾಗಿ ಯಾರೂ ಒಪ್ಪಿಕೊಳ್ಳಲ್ಲ ಫಾದರ್. ಪಾದ್ರಿಯಾಗಿರೋ ತಮ್ಮನನ್ನೂ ಕರ್ಕೊಂಡು ಬರ್ತೀನಿ ಅಂದಾಗಲೇ ನನಗೆ ಅರ್ಥ ಆಯ್ತು.”

“ನಿಮಗೂ ಗೊತ್ತಾಯ್ತಾ!”

“ಇದೇ ನನ್ನ ಕೆಲಸ ಅಲ್ವಾ? ನಮಗೆ ಗೊತ್ತಾಗಿದೆ ಅಂತ ಅವರಿಗೆ ತೋರಿಸೋದು ಬೇಡ. ಮನಸ್ಸಿಗೆ ನೋವಾಗುತ್ತೆ.”

ಒಂದೇ ಕಸುಬಿನವರು ಸಿಕ್ಕ ಖುಷಿಗೋ ಏನೋ, ಪಾದ್ರಿ ಅವತ್ತು ಬಾಯಿ ಬಿಟ್ಟರು. ಬಿಟ್ಟ ಬಾಯಿ ಮುಚ್ಚಲಿಲ್ಲ. ಹೇಳಿ ಹೇಳಿ ಅತ್ತರು. ಹೊರಬಂದಾಗ ಸಮಯ ಮೀರಿತ್ತು. ಸಮಾಲೋಚಕಿ ಅಕ್ಕನ ಭುಜ ತಟ್ಟಿ “ಮುಂದಿನ ವಾರ ನೋಡೋಣ ಅಮ್ಮಾ” ಎಂದು, ಪಾದ್ರಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಅಕ್ಕ ತಲೆಯಾಡಿಸಿದಳು.

ಪ್ರತಿ ಮಂಗಳವಾರವೂ ಇದೇ ನಡೆಯಿತು. ಸಮಾಲೋಚಕಿ ಪಾದ್ರಿಯನ್ನು ಪರಿಚಯದ ವೈದ್ಯರ ಬಳಿ ಕಳಿಸಿ ಮಾತ್ರೆ ಬರೆಸಿದಳು. ಸಂಜೆ ನಡೆಯಲು ಹೇಳಿದಳು. ನಾಲ್ಕನೆಯ ವಾರದ ಹೊತ್ತಿಗೆ ಪಾದ್ರಿ ದಿಂಬಿಗೆ ತಲೆ ಕೊಟ್ಟರೆ ಬೆಳಗಾಗುವವರೆಗೆ ಗೊರಕೆ. ಭಾನುವಾರದ ಪ್ರವಚನದಲ್ಲಿ ಮಾತು ನೀರಿನಂತೆ ಹರಿಯಿತು. ಜನ ಮಾತ್ರ ಹಿಂದಿನ ಮೌನವೇ ಚೆನ್ನಾಗಿತ್ತು ಎಂದರು.

ಮನೆಯಲ್ಲಿ ಅಡುಗೆಯ ರುಚಿ ಕೆಟ್ಟಿತ್ತು. ಒಂದು ದಿನ ಉಪ್ಪಿಲ್ಲ, ಮರುದಿನ ಎರಡು ಸಲ ಉಪ್ಪು. ಪಾದ್ರಿ ತುಟಿ ಪಿಟಕ್ಕೆನ್ನದೆ ಉಂಡರು. ತಮಗಾಗಿ ಇಷ್ಟೆಲ್ಲ ಓಡಾಡುವವಳ ಮೇಲೆ ಉಪ್ಪಿನ ದೂರು ಹೇಳುವುದೇ? ಒಮ್ಮೆ ಮಾತ್ರ ತಮಾಷೆಗೆ ಕೇಳಿದರು:

“ನಿನಗೆ ಈಗ ಹೇಗಿದೆ ಅಕ್ಕಾ?”

“ಹಾಗೇ ಇದೆ ಕಣೋ” ಎಂದಳು ಅಕ್ಕ, ತಟ್ಟೆಯಿಂದ ಕಣ್ಣೆತ್ತದೆ.

ಎಂಥ ಕಲಾವಿದೆ! ಪಾದ್ರಿಗೆ ನಗು ತಡೆಯಲಾಗಲಿಲ್ಲ. ನೀರು ನೆತ್ತಿಗೇರಿತು.

ಆರನೆಯ ಮಂಗಳವಾರ ಸಮಾಲೋಚಕಿ ಕೈಕುಲುಕಿದಳು. “ಇನ್ನು ನೀವು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿದರೆ ಸಾಕು ಫಾದರ್. ಹೋಗಿ, ಆ ತಾಯಿಗೆ ಒಂದು ಥ್ಯಾಂಕ್ಸ್ ಹೇಳಿ.”

ಇಬ್ಬರೂ ಹೊರಬಂದರು. ಅಕ್ಕ ಬೆಂಚಿನ ಅದೇ ತುದಿಯಲ್ಲಿ ಕೂತಿದ್ದಳು. ಪಾದ್ರಿ ಪಕ್ಕದಲ್ಲಿ ಕುಳಿತು ಅವಳ ಎರಡೂ ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು.

“ಸಾಕು ಅಕ್ಕಾ, ನಾಟಕ ಮುಗೀತು. ನಮಗಿಬ್ಬರಿಗೂ ಮೊದಲ ದಿನವೇ ಗೊತ್ತಾಗಿತ್ತು. ಸುಮ್ಮನೆ ಇದ್ವಿ. ನೀನು ಆ ಸುಳ್ಳು ಹೇಳದೇ ಹೋಗಿದ್ರೆ ನಾನು ಈ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನನ್ನ ಜೀವ ಉಳಿಸಿದೆ. ಏಳು, ಮನೆಗೆ ಹೋಗೋಣ.”

ಅಕ್ಕ ಏಳಲಿಲ್ಲ. ಬಾಗಿಲಲ್ಲಿ ನಗುತ್ತ ನಿಂತಿದ್ದ ಸಮಾಲೋಚಕಿಯ ಕಡೆ ತಿರುಗಿದಳು.

“ಹಾಗಾದ್ರೆ ಇವತ್ತೂ ನನ್ನ ಸರದಿ ಇಲ್ವಾ ಮೇಡಂ?”