ಬಿಟ್ಟ ಕುರ್ಚಿ

ಲೆಬನಾನಿನ ವಿದ್ಯುತ್ ಮಂತ್ರಿ ಇಡೀ ಸಂಪುಟದ ಜೊತೆ ರಾಜೀನಾಮೆ ಕೊಟ್ಟು ವರ್ಷವಾಗಿತ್ತು. ಎಲ್ಲ ಪಕ್ಷಗಳೂ ಒಪ್ಪಿ ಹೊಸ ಸರ್ಕಾರ ರಚನೆಯಾಗುವ ತನಕ ಹಂಗಾಮಿಯಾಗಿ ಅವನೇ ಮುಂದುವರಿಯಬೇಕಿತ್ತು. ಕರೆಂಟು ಹೋದಾಗಲೆಲ್ಲ ಜನ ಅವನ ಮನೆ ಮುಂದೆ ಬಂದು, ತಪ್ಪಲೆ ಬಡಿದು, "ಕುರ್ಚಿ ಬಿಡು!" ಎಂದು ಕೂಗುತ್ತಿದ್ದರು.

"ಬಿಟ್ಟ ಕುರ್ಚೀನ ಇನ್ನೆಷ್ಟು ಸಲ ಬಿಡ್ಲಿ?" ಎಂದು ಹೆಂಡತಿಯ ಮುಂದೆ ರೇಗಾಡಿದ.

"ಹೊಸ ಸರ್ಕಾರ ಯಾಕೆ ಆಗ್ತಿಲ್ಲರೀ?"

"ದೇಶ ಹಾಳಾಗಿ ಹೋದ್ರೂ ಒಬ್ಬೊಬ್ಬನಿಗೂ ತನ್ನ ಖಾತೇನೇ ಹೆಚ್ಚು ಕಣೇ!"

ಅಷ್ಟರಲ್ಲಿ ಪಕ್ಷದ ನಾಯಕರ ಫೋನು ಬಂತು. "ಬೇರೆ ಪಕ್ಷದವರೆಲ್ಲ ಒಪ್ಪಿದಾರೆ. ನೀವು ವಿದ್ಯುತ್ ಬಿಟ್ಟು ಬೇರೆ ಖಾತೆ ತಗೊಂಡ್ರೆ ನಾಳೆನೇ ಪ್ರಮಾಣವಚನ."

ಮಂತ್ರಿ ಎದ್ದು ಹೋಗಿ ಕಿಟಕಿ ಮುಚ್ಚಿದ.

"ಹೋದ ಸಲ ಹೇಳಿದ್ದೇ ಈ ಸಲಾನೂ, ಯಜಮಾನ್ರೇ. ಆ ಖಾತೆ ನನಗಿಲ್ಲ ಅಂದ್ರೆ ಸರ್ಕಾರಾನೂ ಇಲ್ಲ."